ಮೊಮ್ಮಗಳ ವೀಸಾಕ್ಕೆ ನಾನೇ ಹಾಕಿದ ಕಲ್ಲು

ಮೊನ್ನೆ ಬೆಳಗ್ಗೆ ಕೊಲ್ಕತ್ತಾದ ನಮ್ಮ ಬಾರಾನಗರದ ಬಜಾರಿನಲ್ಲಿ ಮೀನು ಮಾರುವವನೊಬ್ಬನ ಬಾಯಿಗೆ ನಾನೇ ಕೈಯಾರೆ ಸಂದೇಶ ಮಿಠಾಯಿ ಇಟ್ಟು ಬಂದೆ.

ನಾವು ಮೀನು ತಿನ್ನುವವರಲ್ಲ. ಅವನ ಅಂಗಡಿ ಬಂತೆಂದರೆ ಮೂಗಿಗೆ ಸೆರಗು ಹಿಡಿದು ಸರಸರ ದಾಟುವವಳು ನಾನು. ಅವನೂ ನನ್ನನ್ನು ಈ ಜನ್ಮದಲ್ಲಿ ಗಿರಾಕಿಯಾಗದ ಹೆಂಗಸೆಂದು ಎಂದೋ ಕೈಬಿಟ್ಟಿದ್ದ. ಅಂಥವಳು ಎದುರು ನಿಂತು ಬಾಯಿ ತೆಗೆ ಎಂದರೆ ಅವನಿಗೆ ಹೇಗಾಗಿರಬೇಡ? ಪಾಪ, ಕೈಯಲ್ಲಿ ರೋಹು ಮೀನು ಹಿಡಿದುಕೊಂಡೇ ಬಾಯಿ ತೆರೆದ. ನುಂಗಿದ ಮೇಲೆ, ಏನು ವಿಶೇಷ ಮಾಶೀಮಾ (ಚಿಕ್ಕಮ್ಮ ಎಂದ ಹಾಗೆ) ಎಂದು ಕೇಳಿದ.

ಹೇಳಿದೆ. ಅವನಿಗಷ್ಟೇ ಅಲ್ಲ. ಟೋಟೋ ಓಡಿಸುವವನಿಗೆ (ಅದೇ, ಬ್ಯಾಟರಿ ರಿಕ್ಷಾ), ಔಷಧಿ ಅಂಗಡಿಯವನಿಗೆ, ಅಲ್ಲಿ ತಲೆನೋವಿನ ಗುಳಿಗೆ ಕೊಳ್ಳಲು ನಿಂತಿದ್ದ ಗುರುತಿಲ್ಲದ ಹೆಂಗಸಿಗೆ, ಎಲ್ಲರಿಗೂ ಹೇಳಿದೆ. ಆಕೆಯ ತಲೆನೋವು ನನ್ನಿಂದ ಇನ್ನಷ್ಟು ಏರಿರಬಹುದು. ಏರಲಿ. ಇಂಥ ಸುದ್ದಿ ದಿನಾ ಬರುತ್ತದೆಯೇ?

ನನ್ನ ಮೊಮ್ಮಗಳು ಅಕ್ಷತಾಳಿಗೆ ಬ್ರಿಟನ್ನಿನ ವೀಸಾ ಬಂತು.

ವೀಸಾ ಯಾರಿಗೆ ಬರುವುದಿಲ್ಲ ಎನ್ನಬೇಡಿ. ಇದು ಊರು ನೋಡಿ ಬರುವ ವೀಸಾ ಅಲ್ಲ. ಕಂಪನಿಯವರು ಕರೆಸಿಕೊಂಡದ್ದೂ ಅಲ್ಲ. ಈ ಹುಡುಗಿ ಇನ್ನೂ ಎಳೆಯಳು, ಆದರೆ ಮುಂದೆ ದೊಡ್ಡ ವಿಜ್ಞಾನಿಯಾಗುವ ಲಕ್ಷಣ ಕಾಣುತ್ತಿದೆ, ಬರಲಿ ಎಂದು ಆ ದೇಶದ ಪಂಡಿತರು ಕೂತು ಓದಿ ಒಪ್ಪಿ ಕೊಟ್ಟದ್ದು. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಅದೂ ಗದಗಿನ ಕಡೆಯ ಒಂದು ಸಣ್ಣ ಶಾಲೆಯಲ್ಲಿ, ಎಮ್ಮೆ ಕಟ್ಟಿ ಬಂದ ಮೇಲೆ. ಈಗ ನೀವೇ ಹೇಳಿ, ಮೀನಿನವನ ಬಾಯಿಗೆ ಸಿಹಿ ಇಡಬೇಕೋ ಬೇಡವೋ?

ಇಷ್ಟು ಕುಣಿಯುತ್ತಿರುವ ಈ ಅಜ್ಜಿಯೇ ಆ ವೀಸಾಕ್ಕೆ ಮೊದಲು ಕಲ್ಲು ಹಾಕಿದವಳು. ಆ ಕಥೆ ಹೇಳದಿದ್ದರೆ ನನಗೆ ಸಂದೇಶ ಅರಗುವುದಿಲ್ಲ.

ಈ ಅಂಕಣ ಓದುವ ನಿಮಗೆ ನಮ್ಮ ಮನೆ ಹೊಸದಲ್ಲ. ಹೊಸದಾಗಿ ಓದುವವರಿಗಾಗಿ ಇಷ್ಟು: ನಮ್ಮ ಯಜಮಾನರು ರೈಲ್ವೆಯಲ್ಲಿದ್ದರು, ಅವರ ಬೆನ್ನಿಗೆ ನಾನು ಕೊಲ್ಕತ್ತಾಕ್ಕೆ ಬಂದೆ, ಅವರು ಹೋದ ಮೇಲೂ ಇಲ್ಲೇ ಉಳಿದೆ. ಮಗ ಮಹಾಂತೇಶ ಸರ್ಕಾರಿ ಆಫೀಸಿನಲ್ಲಿದ್ದಾನೆ. ಸೊಸೆ ಶಾಲೆಯಲ್ಲಿ ಟೀಚರು. ಅವರ ಒಬ್ಬಳೇ ಮಗಳು ಅಕ್ಷತಾ. ಅವಳು ಪಿಎಚ್.ಡಿ. ಮಾಡಿದ್ದು ಮೀನಿನ ಮೇಲೆ.

ಹೌದು, ಮೀನಿನ ಮೇಲೆಯೇ. ಇಲ್ಲಿನ ಕೆರೆ, ಕಾಲುವೆಗಳಲ್ಲಿ ಬೆರಳುದ್ದದ ಸಣ್ಣ ಮೀನುಗಳಿರುತ್ತವೆ. ಅವು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ. ಯಾವ ಮೀನು ಎಂಥ ಕೊಳಕು ನೀರಿನಲ್ಲಿ ಬದುಕಿ ಎಷ್ಟು ಮರಿ ತಿನ್ನುತ್ತದೆ ಎಂದು ನೋಡುವುದು ಇವಳ ಕೆಲಸ. ಡೆಂಗ್ಯೂ ಬಂದು ಮಲಗಿ ಎದ್ದವರಿಗೆ ಇದರ ಬೆಲೆ ಗೊತ್ತು.

ಪಿಎಚ್.ಡಿ. ಮುಗಿಯಿತು. ಮುಂದೇನು?

ನನ್ನ ಮಟ್ಟಿಗೆ ಮುಂದಿನದು ಮದುವೆ. ಅವಳ ಮಟ್ಟಿಗೆ ಮುಂದಿನದು ಹೊರದೇಶದ ದೊಡ್ಡ ಲ್ಯಾಬು. ಊಟದ ಹೊತ್ತಿಗೆ ದಿನಾ ಇದೇ ಚರ್ಚೆ. ಲ್ಯಾಪ್‌ಟಾಪು ಹಪ್ಪಳದ ಡಬ್ಬಿಗೆ ಒರಗಿಸಿಟ್ಟು ಅವಳು ಒಂದೊಂದು ದೇಶದ ನಿಯಮ ಓದಿ ಹೇಳುವುದು, ನಾನು ರೊಟ್ಟಿ ಬಡಿಯುತ್ತ ತೀರ್ಪು ಕೊಡುವುದು.

ಜರ್ಮನಿಯಲ್ಲಿ ಮೊದಲು ಹೋಗಿ, ಅಲ್ಲಿ ಕೂತು ಕೆಲಸ ಹುಡುಕಿಕೊಳ್ಳಲಿಕ್ಕೂ ಒಂದು ದಾರಿ ಇದೆಯಂತೆ. ಗೊತ್ತಿಲ್ಲದ ಊರಿನಲ್ಲಿ ಹೆಣ್ಣುಮಗಳು ಕೆಲಸ ಕೇಳಿಕೊಂಡು ತಿರುಗುವುದೇ? ಬೇಡ ಎಂದೆ. ಆಸ್ಟ್ರೇಲಿಯಾದವರು ವಯಸ್ಸು, ಓದು, ಭಾಷೆ ಎಲ್ಲಕ್ಕೂ ಮಾರ್ಕು ಹಾಕಿ ಕೂಡುತ್ತಾರಂತೆ. ಇದು ನನಗೆ ಹಿಡಿಸಿತು, ಜಾತಕ ಕೂಡಿಸಿದ ಹಾಗೆಯೇ ಆಯಿತಲ್ಲ. ಆದರೆ ಮುಂದಿನದು ಕೇಳಿ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಮದುವೆಯಾಗದೆ ಒಬ್ಬರೇ ಇದ್ದರೂ ಮಾರ್ಕು ಕೊಡುತ್ತಾರಂತೆ! ನಾನು ವರ್ಷಗಟ್ಟಲೆ ಬಡಕೊಂಡದ್ದನ್ನು ಒಂದು ದೇಶವೇ ಎದ್ದು ನಿಂತು ತಪ್ಪೆನ್ನುವುದೇ? (ಅಕ್ಷತಾ ಆ ಸಾಲನ್ನು ದೊಡ್ಡ ದನಿಯಲ್ಲಿ ಮತ್ತೊಮ್ಮೆ ಓದಿದಳು. ಬೇಕೆಂದೇ.)

ಬ್ರಿಟನ್ನಿನಲ್ಲಿ ಎರಡು ದಾರಿ. ಒಂದು, ಕೆಲಸ ಕೊಡುವ ಕಾಲೇಜೇ ಸರ್ಕಾರದ ಮುಂದೆ ಇವಳ ಹೊಣೆ ಹೊರುವುದು. ಆ ಕೆಲಸ ಹೋದರೆ ವೀಸಾಕ್ಕೂ ಸಂಚಕಾರ. ಎರಡನೆಯದು ಯಾರ ಹಂಗೂ ಇಲ್ಲದ ದಾರಿ. ಇವತ್ತು ಈ ಲ್ಯಾಬು, ನಾಳೆ ಬೇರೆ ಲ್ಯಾಬು, ಕೇಳುವವರಿಲ್ಲ. ಆದರೆ ಅದಕ್ಕೆ ಇವಳು ಸಾಮಾನ್ಯದವಳಲ್ಲ ಎಂದು ತೋರಿಸಬೇಕು. ಅಲ್ಲಿನ ದೊಡ್ಡ ಪ್ರೊಫೆಸರೊಬ್ಬರು ಇವಳ ಪರವಾಗಿ ಬರೆದುಕೊಡಬೇಕು. ಜೊತೆಗೆ, ನಾನು ಯಾಕೆ ಎಲ್ಲರಂಥವಳಲ್ಲ ಎಂದು ಇವಳೂ ತನ್ನ ಬಗ್ಗೆ ಬರೆದುಕೊಳ್ಳಬೇಕು.

ಅಕ್ಷತಾಳಿಗೆ ಬೇಕಾದದ್ದು ಈ ಎರಡನೆಯ ದಾರಿಯೇ. ಅಲ್ಲಿಗೆ ಬಂತು ನೋಡಿ ತೊಡಕು.

ನಮ್ಮ ಮನೆಯಲ್ಲಿ ಮಕ್ಕಳನ್ನು ಹೊಗಳುವ ಪದ್ಧತಿ ಇಲ್ಲ. ಹೊಗಳಿದರೆ ನದರು ತಾಗುತ್ತದೆ. ಯಾರಾದರೂ ಬಂದು, ನಿಮ್ಮ ಮೊಮ್ಮಗಳು ಬಹಳ ಶ್ಯಾಣ್ಯಾ ಎಂದರೆ ತಕ್ಷಣ, ಎಲ್ಲಿಯ ಶ್ಯಾಣ್ಯಾತನ, ಬರೀ ಸೋಮಾರಿ ಎಂದುಬಿಡಬೇಕು. ಬಂದವರಿಗೂ ಅದು ಗೊತ್ತು. ನಾವು ಬೈದಷ್ಟೂ ಮಗು ಜಾಣ ಎಂದು ಅವರು ಲೆಕ್ಕ ಹಾಕಿಕೊಳ್ಳುತ್ತಾರೆ. ಬೋರ್ಡ್ ಪರೀಕ್ಷೆಯ ಫಲಿತಾಂಶ ಬಂದು ಅವಳ ಫೋಟೋ ಶಾಲೆಯ ಗೇಟಿಗೆ ಹಾಕಿದಾಗ ನಾನು ಇಡೀ ಪಾಡಾದಲ್ಲಿ (ಓಣಿಗೆ ಇಲ್ಲಿ ಹಾಗೆನ್ನುತ್ತಾರೆ) ಹೇಳಿಕೊಂಡು ಬಂದದ್ದು, ಪೇಪರ್ ಸುಲಭ ಇತ್ತಂತೆ ಎಂದು.

ಹೀಗಿರುವಾಗ ಆ ದೊಡ್ಡ ಪ್ರೊಫೆಸರು ಕೊಲ್ಕತ್ತಾಕ್ಕೇ ಬಂದರು. ಅಕ್ಷತಾಳ ಸಂಸ್ಥೆಯಲ್ಲಿ ಏನೋ ಸಭೆಯಿತ್ತು. ಇವಳ ಪರವಾಗಿ ಬರೆದುಕೊಡಬೇಕಾದ ಮನುಷ್ಯ ಅವರೇ. ಮನೆಗೆ ಊಟಕ್ಕೆ ಕರೆಯದೆ ಬಿಡಲಾಗುತ್ತದೆಯೇ?

ಬಂದರು. ಬಿಳಿ ಗಡ್ಡ, ಉದ್ದ ಕಾಲು, ಚಪ್ಪಲಿ ಹೊರಗೇ ಬಿಟ್ಟು ಬಂದ ಸಭ್ಯಸ್ಥ. ನಾನು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ ಮಾಡಿದ್ದೆ. ಸೊಸೆ ಶಾಲೆಯ ಪರೀಕ್ಷೆ ಕೆಲಸಕ್ಕೆ ಹೋಗಿದ್ದಳು (ಅವಳಿದ್ದಿದ್ದರೆ ಈ ವಾರ ಬರೆಯಲು ನನಗೆ ವಿಷಯವೇ ಇರುತ್ತಿರಲಿಲ್ಲ). ಅಕ್ಷತಾ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ಹೊರಗೆ ನಾನು, ಪ್ರೊಫೆಸರು, ನಡುವೆ ಇಂಗ್ಲಿಷಿಗೆ ಮಹಾಂತೇಶ.

ಪ್ರೊಫೆಸರು ಒಂದು ತುತ್ತು ತಿಂದು, ನಿಮ್ಮ ಮೊಮ್ಮಗಳು ಬಹಳ ಬುದ್ಧಿವಂತೆ ಎಂದರು.

ನನಗೆ ಗಾಬರಿಯಾಯಿತು. ಊಟದ ಹೊತ್ತು, ನಡುಮನೆ, ಅಷ್ಟು ದೊಡ್ಡ ಮನುಷ್ಯ, ಅಷ್ಟು ಗಟ್ಟಿ ದನಿ! ನಾನು ತಡ ಮಾಡಲಿಲ್ಲ. ಎಲ್ಲಿಯ ಬುದ್ಧಿ, ಎಬ್ಬಿಸದಿದ್ದರೆ ಏಳುವುದಿಲ್ಲ ಎಂದೆ. ಹಾಲು ಒಲೆಯ ಮೇಲಿಟ್ಟು ಮರೆಯುತ್ತಾಳೆ ಎಂದೆ. ಮೀನಿನ ಕೆಲಸವೆಲ್ಲ ಇವಳ ಗೈಡು ಮಾಡಿದ್ದು, ಇವಳು ಬರೀ ಬಕೆಟ್ ಹಿಡಿದು ನಿಂತಿದ್ದವಳು ಎಂದೆ. ಮಹಾಂತೇಶ ಅಷ್ಟನ್ನೂ ನಗುನಗುತ್ತ ಇಂಗ್ಲಿಷಿಗೆ ತಿರುಗಿಸಿದ. ಸಾಲದ್ದಕ್ಕೆ, ಗಣಿತದಲ್ಲೂ ಅಷ್ಟಕ್ಕಷ್ಟೇ ಎಂದು ತನ್ನದೊಂದು ಸೇರಿಸಿದ. ಅವನೂ ನಮ್ಮ ಮನೆಯಲ್ಲೇ ಬೆಳೆದವನಲ್ಲವೇ?

ನಮ್ಮವರಾಗಿದ್ದರೆ ಇಷ್ಟು ಹೊತ್ತಿಗೆ, ಹೇ, ಹಂಗನಬ್ಯಾಡ್ರೀ ಎಂದು ತಡೆಯುತ್ತಿದ್ದರು. ಈ ಮನುಷ್ಯ ತಡೆಯಲಿಲ್ಲ. ತಲೆಯಾಡಿಸುತ್ತ ಕೇಳಿಸಿಕೊಂಡರು. ಪಕ್ಕದಲ್ಲೇ ಪೆನ್ನು ಇದ್ದಿದ್ದರೆ ಬರೆದುಕೊಳ್ಳುತ್ತಿದ್ದರೋ ಏನೋ. ಇನ್ನೊಂದು ಹೋಳಿಗೆ ಹಾಕಿಸಿಕೊಂಡು, ಕೈ ಮುಗಿದು ಹೋದರು.

ಊಟ ಚೆನ್ನಾಗಿ ನಡೆಯಿತೆಂದು ನಾನು ಕಾಲು ಚಾಚಿ ಕೂತೆ. ಅಕ್ಷತಾ ಹೊರಗೆ ಬಂದು, ಏನೇನು ಮಾತಾಡಿದಿರಿ ಎಂದು ಕೇಳಿದಳು. ಮಹಾಂತೇಶ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿಯೇ ಸಣ್ಣದಾಯಿತು.

"ಅವರು ನಮ್ಮಂಗ ಅಲ್ಲ ಆಯಿ," ಎಂದಳು ಅಕ್ಷತಾ. "ನೀ ಹೇಳಿದ್ದನ್ನ ಸೀರಿಯಸ್ ತಗೋತಾರ."

"ಅಜ್ಜಿ ಮಾತು ಯಾರ್ ಸೀರಿಯಸ್ ತಗೋತಾರವಾ?"

"ರೆಫರೆನ್ಸ್ ಅಂದ್ರ ಅದ ಆಯಿ. ಗೊತ್ತಿದ್ದವರನ್ನ ಕೇಳೋದು."

ಮಹಾಂತೇಶ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಗಣಿತದ ಮಾತು ಅವನದು, ಅದು ನನ್ನ ತಲೆಗೆ ಬೇಡ ಎಂದು ಅಷ್ಟರಲ್ಲೇ ಹೇಳಿಬಿಟ್ಟೆ.

ಅವಳು ಕೂಗಾಡಿದ್ದರೆ ನನಗೆ ಸಮಾಧಾನವಿತ್ತು. ಕೂಗಾಡಲಿಲ್ಲ. ತಟ್ಟೆಗಳನ್ನು ಎತ್ತಿಕೊಳ್ಳುತ್ತ ಒಂದು ಮಾತು ಅಂದಳು.

"ಹೋಗ್ಲಿ ಬಿಡು. ನೀ ಹೇಳಿದ್ದು ಖರೇನ ಅದ. ನಾ ಏನ್ ಅಂಥಾ ಗ್ರೇಟ್ ಕೆಲಸ ಮಾಡೇನಿ?"

ಚಾಚಿದ್ದ ಕಾಲು ಹಿಂದಕ್ಕೆ ಎಳೆದುಕೊಂಡೆ. ಊರವರ ಕಣ್ಣಿಗೆ ಮಣ್ಣೆರಚಲಿಕ್ಕೆ ನಾವು ಆಡುವ ಮಾತನ್ನು ಈ ಹುಡುಗಿ ನಂಬಿಕೊಂಡು ಬೆಳೆದುಬಿಟ್ಟಿದ್ದಾಳೆ! ಪಾಡಾದವರಿಗೆಲ್ಲ ಗೊತ್ತಿದ್ದ ಲೆಕ್ಕ ಇವಳೊಬ್ಬಳಿಗೆ ಯಾರೂ ಹೇಳಿಕೊಟ್ಟೇ ಇಲ್ಲ. ಮನೆಯವಳಲ್ಲವೇ, ಗೊತ್ತಿರುತ್ತದೆ ಎಂದುಕೊಂಡಿದ್ದೆವು.

ಮರುದಿನ ಬೆಳಗ್ಗೆ ತಲೆ ಬಾಚಿಕೊಂಡು, ಇಳಕಲ್ ಸೀರೆ ಉಟ್ಟು, ಅವಳ ಮುಂದೆ ನಿಂತೆ. ಆ ಪ್ರೊಫೆಸರ ಹತ್ತಿರ ಕರೆದುಕೊಂಡು ಹೋಗು ಎಂದೆ. ಬೇಡ ಆಯಿ, ಪ್ಲೀಸ್ ಎಂದಳು. ಮಾನ ಹೋಗುತ್ತದೆ ಎಂದಳು. ಹೋಗಬೇಕಾದದ್ದು ನಿನ್ನೆಯೇ ಹೋಗಿದೆ, ನಡಿ ಎಂದು ನಾನೇ ಟೋಟೋ ನಿಲ್ಲಿಸಿದೆ.

ಪ್ರೊಫೆಸರು ಸಂಸ್ಥೆಯ ಗೆಸ್ಟ್ ಹೌಸಿನ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರು. ಅವರು ಅಂದೇ ಮಧ್ಯಾಹ್ನ ಡಮ್ ಡಮ್‌ನಿಂದ ವಿಮಾನ ಹತ್ತುವವರು. ಮಹಾಂತೇಶ ಆಫೀಸಿಗೆ ಹೋಗಿದ್ದ. (ಹೋಗಿದ್ದನೋ, ತಪ್ಪಿಸಿಕೊಂಡಿದ್ದನೋ.) ಇಂಗ್ಲಿಷಿಗೆ ಇದ್ದವಳು ಒಬ್ಬಳೇ. ಅಕ್ಷತಾಳನ್ನು ನಾನು ಕನ್ನಡದಲ್ಲಿ ಹೊಗಳಬೇಕು, ಅದನ್ನು ಅಕ್ಷತಾಳೇ ಇಂಗ್ಲಿಷಿನಲ್ಲಿ ಹೇಳಬೇಕು.

ನಾನು ಶುರು ಮಾಡಿದೆ. ಲಾಕ್‌ಡೌನಿನಲ್ಲಿ ಸಂಸ್ಥೆ ಮುಚ್ಚಿದಾಗ ಮೀನು ಸಾಯುತ್ತವೆ ಎಂದು ಇವಳು ಅವರಿವರ ಕಾಲು ಹಿಡಿದು ಒಳಗೆ ಹೋಗಲು ಅನುಮತಿ ಚೀಟಿ ತಂದಳು. ಬಕೆಟ್ ಬಕೆಟ್ ಮೀನು ಟೋಟೋದಲ್ಲಿ ಮನೆಗೆ ತಂದಳು. ನಮ್ಮದು ಲಿಂಗವಂತರ ಮನೆ. ಬಚ್ಚಲ ತುಂಬ ಮೀನು! ಪಕ್ಕದ ಮನೆಯ ಬೌದಿ (ಅತ್ತಿಗೆಗೆ ಇಲ್ಲಿ ಹಾಗೆನ್ನುತ್ತಾರೆ), ಕೊನೆಗೂ ನೀವು ಬುದ್ಧಿ ಕಲಿತಿರಿ ಎಂದು ಖುಷಿಯಿಂದ ಮೀನಿನ ಸಾರಿಗೆ ಸಾಸಿವೆ ಅರೆದು ತಂದುಕೊಟ್ಟಳು. ಇವಳು ದಿನಾ ನೀರು ಬದಲಿಸಿದಳು, ಹೆಸರಿಟ್ಟು ಮಾತಾಡಿಸಿದಳು. ಒಂದು ಮೀನು ಸತ್ತ ದಿನ ಊಟ ಬಿಟ್ಟಳು. ಈ ಹುಡುಗಿಯ ಹಠದ ಮುಂದೆ ಯಾವ ಕಾಯಿಲೆಯೂ ನಿಲ್ಲುವುದಿಲ್ಲ ಎಂದೆ.

ಅಕ್ಷತಾ ಪ್ರೊಫೆಸರ ಕಡೆ ತಿರುಗಿ ಇಷ್ಟೇ ಇಷ್ಟು ಇಂಗ್ಲಿಷ್ ಹೇಳಿದಳು.

"ನಾ ಇಷ್ಟುದ್ದ ಹೇಳೇನಿ, ನೀ ಅಷ್ಟ್ರಾಗ ಮುಗಿಸಿದೆಲ್ಲ?"

"ಇಂಗ್ಲಿಷ್ ಸಣ್ಣ ಭಾಷಾ ಆಯಿ."

"ಹಂಗಾರ ಎರಡ ಸರ್ತೆ ಹೇಳು."

ಪ್ರೊಫೆಸರಿಗೆ ಏನು ಹೊಳೆಯಿತೋ, ಕಪ್ಪು ಕೆಳಗಿಟ್ಟು, ಅಜ್ಜಿ ಹೇಳಿದ್ದನ್ನು ಒಂದೂ ಬಿಡದೆ ಹೇಳಬೇಕು ಎಂದು ಅವಳಿಗೆ ತಾಕೀತು ಮಾಡಿದರು.

ಅಕ್ಷತಾ ಕೆಂಪಾದಳು. ನನಗೆ ಹುರುಪು ಬಂತು. ಮುನಿಸಿಪಾಲಿಟಿಯವರ ಕಥೆ ತೆಗೆದೆ. ಡೆಂಗ್ಯೂ ಕಾಲದಲ್ಲಿ ಅವರು ಮನೆಮನೆಗೆ ಬಂದು ನಿಂತ ನೀರು ಹುಡುಕುತ್ತಾರೆ. ನಮ್ಮ ಬಾಲ್ಕನಿಗೆ ಬಂದು ನೋಡಿದರೆ ಟಬ್ಬಿನ ತುಂಬ ಸೊಳ್ಳೆಮರಿ, ಇವಳು ಬೇಕೆಂದೇ ಸಾಕಿದ್ದು! ಚೆಲ್ಲುತ್ತೇವೆ, ದಂಡ ಹಾಕುತ್ತೇವೆ ಎಂದು ಹಾರಾಡಿದರು. ಇವಳು ಜಗಳಕ್ಕೆ ಹೋಗಲಿಲ್ಲ. ಒಂದು ಮೀನು ತಂದು ಅವರ ಎದುರೇ ಟಬ್ಬಿಗೆ ಬಿಟ್ಟಳು. ಹಾರಾಡುತ್ತಿದ್ದವರು ಕುಕ್ಕರುಗಾಲಲ್ಲಿ ಕೂತು ನೋಡಿದರು. ಹೋಗುವಾಗ, ನಮ್ಮ ಪಾಡಾದ ಕೆರೆಗೆ ಯಾವ ಮೀನು ಬಿಡಬೇಕು ಅಂತ ಹೇಳು ದೀದಿ ಎಂದು ಕೇಳಿಕೊಂಡು ಹೋದರು. ಮುಂದೆ ಅದೇ ಕೆರೆಯಲ್ಲಿ ಇವಳ ಲೆಕ್ಕ ತಪ್ಪಿತು. ಗಾಜಿನ ಡಬ್ಬಿಯಲ್ಲಿ ತಿಂದ ಹಾಗೆ ಮೀನು ಕೆರೆಯಲ್ಲಿ ತಿನ್ನಲಿಲ್ಲ. ತಪ್ಪಿತೆಂದೇ ಇವಳು ಬರೆದಳು, ಮುಚ್ಚಿಡಲಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಿದಳು.

ಅಕ್ಷತಾ ಒಂದೊಂದೇ ಹೇಳುತ್ತ ಬಂದಳು. ಮೊದಲು ನೆಲ ನೋಡಿಕೊಂಡು ಹೇಳುತ್ತಿದ್ದಳು. ಆಮೇಲೆ ಪ್ರೊಫೆಸರ ಮುಖ ನೋಡಿಕೊಂಡು. ಕೆರೆಯ ಮಾತಿಗೆ ಬರುವ ಹೊತ್ತಿಗೆ ನನ್ನ ಮುಖ ನೋಡುತ್ತ ಅವರಿಗೆ ಇಂಗ್ಲಿಷ್ ಹೇಳುತ್ತಿದ್ದಳು.

"ಇದೆಲ್ಲಾ ನಿನಗ ನೆನಪೈತೇನ ಆಯಿ?" ಎಂದಳು.

"ಮರೀಲಿಕ್ಕೆ ನಾ ಏನ್ ಹಾಲ ಒಲಿಮ್ಯಾಲೆ ಇಟ್ಟಾಕೇನು?"

ಆಮೇಲೆ ಪ್ರೊಫೆಸರು ಹೇಳಿದ್ದು ಕೇಳಿ. ಅವರು ಬರೆದುಕೊಡಬೇಕಾದದ್ದನ್ನು ಕೊಲ್ಕತ್ತಾಕ್ಕೆ ಬರುವ ಮೊದಲೇ ಬರೆದು ಮುಗಿಸಿದ್ದರು! ಅವಳ ಕೆಲಸ ಅವರು ಓದಿದ್ದಾರೆ, ಅಜ್ಜಿಯನ್ನು ಕೇಳುವ ಅಗತ್ಯವೇ ಇರಲಿಲ್ಲವಂತೆ. ಹಾಗಾದರೆ ನಿನ್ನೆ ನನ್ನ ಮಾತಿಗೆ ತಲೆಯಾಡಿಸಿದ್ದು? ಪಾಪ, ಈ ಅಜ್ಜಿಗೆ ಮೊಮ್ಮಗಳನ್ನು ಬಿಟ್ಟಿರಲು ಮನಸ್ಸಿಲ್ಲ, ಹೋಗದ ಹಾಗೆ ಮಾಡಲು ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡರಂತೆ.

ನನಗೆ ಸಿಟ್ಟೇ ಬಂತು. ನಾನೇ? ವೀಸಾ ಕೊಟ್ಟರೆ ಅವಳಿಗಿಂತ ಮೊದಲು ವಿಮಾನದಲ್ಲಿ ಕಿಟಕಿಯ ಸೀಟು ಹಿಡಿಯುವವಳು ನಾನು. ಅದನ್ನೂ ಹೇಳು ಎಂದೆ. ಹೇಳಿದಳು. ಅವರು ನಕ್ಕರು.

ನಕ್ಕು, ಗಂಭೀರವಾದರು. ತೊಂದರೆ ಇರುವುದು ತಮ್ಮ ಪತ್ರದಲ್ಲಲ್ಲ, ಅವಳು ತನ್ನ ಬಗ್ಗೆ ಬರೆದುಕೊಂಡದ್ದರಲ್ಲಿ ಎಂದರು. ಅವಳು ಕಳಿಸಿದ್ದನ್ನು ಅವರು ಓದಿದ್ದರಂತೆ. ಅದರ ತುಂಬ, ನಮ್ಮ ಗೈಡ್ ಸೂಚಿಸಿದರು, ನಮ್ಮ ತಂಡ ಮಾಡಿತು, ನಾನು ಸಹಾಯ ಮಾಡಿದೆ, ಇಷ್ಟೇ. ಹುಡುಕಿದರೂ ಅಕ್ಷತಾ ಎಂಬವಳು ಸಿಗುವುದಿಲ್ಲ. ಹೀಗೆ ಕಳಿಸಿದರೆ ಖಂಡಿತ ಆಗುವುದಿಲ್ಲ ಎಂದರು. ಇವತ್ತು ಈ ಜಗಲಿಯಲ್ಲಿ ಕೂತು ನೀನೇ ನಿನ್ನ ಬಾಯಿಂದ ಹೇಳಿದೆಯಲ್ಲ, ಅದನ್ನು ಬರೆ ಎಂದರು.

ನಾವು ಇಬ್ಬರೂ ಟೋಟೋ ಹತ್ತಿದೆವು. ನಾನು ಮಾತಿಲ್ಲದೆ ಕೂತದ್ದು ನೋಡಿ ಓಡಿಸುವವನೇ ಎರಡು ಸಲ ಹಿಂದೆ ತಿರುಗಿ ನೋಡಿದ.

ಬರೆಯುವುದೇನು ಸುಲಭವೇ? ವಾರಗಟ್ಟಲೆ ನಡೆಯಿತು. ಅವಳು "ಮಾಡಲಾಯಿತು" ಎಂದು ಬರೆದರೆ ನಾನು, ಯಾರು ಮಾಡಿದ್ದು, ದೆವ್ವ ಮಾಡಿತೇ ಎಂದು ಕೇಳುವುದು. ಅವಳು "ಸ್ವಲ್ಪ ಮಟ್ಟಿಗೆ" ಎಂದು ಬರೆದರೆ ಸೊಸೆ ಕೆಂಪು ಪೆನ್ನು ತೆಗೆದುಕೊಂಡು ಹೊಡೆದುಹಾಕುವುದು. ಮಹಾಂತೇಶನಿಗೆ ಮಾತಾಡಲು ಅಪ್ಪಣೆ ಇರಲಿಲ್ಲ. ಅವನು ಚಹಾ ಮಾಡಿಕೊಟ್ಟ. ಒಂದು ಸಂಜೆ ಚಹಾ ಇಟ್ಟು ಹೋಗುವಾಗ, ಯಾರ ಮುಖವನ್ನೂ ನೋಡದೆ, ಇವಳು ಗಣಿತದಲ್ಲಿ ಶಾಲೆಗೇ ಮೊದಲು ಬಂದಿದ್ದಳು, ಅದನ್ನೂ ಬರೆಯಿರಿ ಎಂದು ಗೊಣಗಿದ. ಅಕ್ಷತಾ ಬರೆಯುವುದನ್ನು ನಿಲ್ಲಿಸಿ ಅಪ್ಪನನ್ನೇ ನೋಡಿದಳು. ಅದು ಬರೆಯುವಂಥದ್ದಲ್ಲ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಇಷ್ಟೆಲ್ಲ ಹೊಗಳಿದ ಮೇಲೆ ನದರಿನ ಗತಿಯೇನು ಎಂದು ನೀವು ಕೇಳುವವರೇ. ನಾನೇನು ಅಷ್ಟು ಎಚ್ಚರಗೇಡಿಯೇ? ಉಪ್ಪು, ಒಣಮೆಣಸಿನಕಾಯಿ, ಕಸಬರಿಗೆ ಕಡ್ಡಿ ಅವಳಿಗೆ ನಿವಾಳಿಸಿ ಒಲೆಗೆ ಹಾಕಿದೆ. ಈ ಫ್ಲ್ಯಾಟುಗಳಲ್ಲಿ ಹೊಗೆ ಹೋಗಲು ಜಾಗ ಎಲ್ಲಿದೆ? ಕೆಳಗಿನ ಮಹಡಿಯವರೆಗೆ ಎಲ್ಲರೂ ಕೆಮ್ಮಿದರು. ಬೌದಿ ಬಾಗಿಲು ಬಡಿದು, ಬೆಂಕಿ ಬಿದ್ದಿದೆಯಾ ಎಂದು ಕೇಳಿದಳು. ಇಲ್ಲ, ನಮ್ಮ ಹುಡುಗಿ ಬಹಳ ಶ್ಯಾಣ್ಯಾ ಆಗಿದ್ದಾಳೆ, ಅದಕ್ಕೆ ಎಂದೆ. ಹೇಳಿಬಿಟ್ಟೆ ನೋಡಿ, ಬಾಗಿಲಲ್ಲೇ ನಿಂತು! ಬೌದಿ ಕೆಮ್ಮುತ್ತಲೇ, ಅದು ನಮಗೆಲ್ಲ ಮೊದಲೇ ಗೊತ್ತಿತ್ತಲ್ಲ ಎಂದಳು.

ಅರ್ಜಿ ಹೋಯಿತು. ಅಲ್ಲಿನ ಪಂಡಿತರ ಒಪ್ಪಿಗೆ ಬಂದದ್ದು ಒಂದು ಸಂಜೆ, ನಾವು ಮಂಡಕ್ಕಿ ತಿನ್ನುತ್ತಿದ್ದಾಗ. ಅಕ್ಷತಾ ಮೊಬೈಲು ನೋಡಿ ಎದ್ದು ನಿಂತಳು, ಮಡಿಲಿನ ಮಂಡಕ್ಕಿಯೆಲ್ಲ ನೆಲಕ್ಕೆ ಬಿತ್ತು. ಓದಿದಳು. ಮುಂದೆ ಬೆಳೆಯುವ ಅಸಾಧಾರಣ ಲಕ್ಷಣವಿದೆ ಎಂದು ಬರೆದಿದ್ದರಂತೆ. ಮಹಾಂತೇಶ ಅಭ್ಯಾಸಬಲದಿಂದ, ಈ ವರ್ಷ ಅರ್ಜಿ ಕಡಿಮೆ ಬಂದಿರಬೇಕು ಎನ್ನಲು ಬಾಯಿ ತೆರೆದ. ಸೊಸೆ ನೋಡಿದ ನೋಟಕ್ಕೆ ಅಲ್ಲೇ ಮುಚ್ಚಿದ. ಅದರ ಹಿಂದೆಯೇ, ಮೊನ್ನೆ, ವೀಸಾನೂ ಬಂತು. ದುರ್ಗಾಪೂಜೆ ಮುಗಿಸಿಕೊಂಡು ಹೊರಡುತ್ತಾಳೆ. ನಾನು ಈಗಲೇ ಉಣ್ಣೆಯ ಕಾಲುಚೀಲ ಹೆಣೆಯಲು ಕೂತಿದ್ದೇನೆ. ಒಂದು ಮುಗಿದಿದೆ, ಅದು ಮಹಾಂತೇಶನಿಗೂ ದೊಡ್ಡದಾಗುತ್ತದೆ.

ಅಕ್ಷತಾಳ ಬಗ್ಗೆ ಒಳ್ಳೆಯ ಮಾತು ನಮ್ಮ ಪಾಡಾಕ್ಕೆ ಗೊತ್ತಿತ್ತು, ಮುನಿಸಿಪಾಲಿಟಿಗೆ ಗೊತ್ತಿತ್ತು, ಸಮುದ್ರದ ಆಚೆಗೂ ಗೊತ್ತಿತ್ತು. ಗೊತ್ತಿಲ್ಲದವಳು ಅವಳೊಬ್ಬಳೇ. ನಿಮ್ಮ ಮನೆಯಲ್ಲೂ ಅಂಥ ಒಂದು ಮಗು ಈಗ ತಟ್ಟೆ ಎತ್ತುತ್ತಿರಬಹುದು.

ಅದರ ಎದುರು ಒಂದು ಒಳ್ಳೆಯ ಮಾತಾಡಲು ನೀವು ಯಾವ ದೇಶದ ಒಪ್ಪಿಗೆಗೆ ಕಾಯುತ್ತಿದ್ದೀರಿ?